ಪರಿಸರಸ್ನೇಹಿ ಜೀವನ ಕ್ರಮ: ದಿಬ್ಬೂರಹಳ್ಳಿ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನದಿಗಳು ಮಳೆಗಾಲದಲ್ಲಿ ಮಾತ್ರ ಹರಿಯುತ್ತವೆ. ಹಿಂದೆ ಕೆರೆ, ಕುಂಟೆ, ಕಲ್ಯಾಣಿ ಮತ್ತು ತೆರೆದ ಬಾವಿಗಳನ್ನು ಅವಲಂಬಿಸಿದ್ದ ಈ ಪ್ರದೇಶವು ಕಳೆದ ಕೆಲವು ದಶಕಗಳಿಂದ ಕೊಳವೆ ಬಾವಿಗಳನ್ನು ಅವಲಂಬಿಸಿದೆ. ಅನೇಕ ಗ್ರಾಮಗಳಲ್ಲಿ ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಕೊರೆದರೂ ನೀರು ದೊರೆಯುವ ಖಾತರಿ ಇಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ ರೇಷ್ಮೆ, ಹೈನುಗಾರಿಕೆ, ತರಕಾರಿ ಹಾಗೂ ರಾಗಿ ಬೇಸಾಯ ಜೀವನಾಧಾರವಾಗಿವೆ. ಇಲ್ಲಿನ ಕುಟುಂಬಗಳಿಗೆ ಪರಿಸರ ಸಂರಕ್ಷಣೆಯು ಮನೆಯ ಆದಾಯ, ಸಾಲ ಮತ್ತು ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ. ನೀರು, ವಿದ್ಯುತ್, ಅಡುಗೆ ಇಂಧನ, ಕೃಷಿ, ಮರ ಬೆಳೆಸುವಿಕೆ ಹಾಗೂ ತ್ಯಾಜ್ಯ ವಿಲೇವಾರಿಗೆ ಸಂಬಂಧಿಸಿದಂತೆ ನಾಗರಿಕರು ಕೈಗೊಳ್ಳಬಹುದಾದ ಕ್ರಮಗಳನ್ನೂ, ಅವುಗಳಿಗೆ ಲಭ್ಯವಿರುವ ಸರ್ಕಾರಿ ಸೇವೆಗಳನ್ನೂ ಈ ಕೆಳಗೆ ನೀಡಲಾಗಿದೆ.

2. ಅಂತರ್ಜಲದ ಸ್ಥಿತಿ

ಕೇಂದ್ರ ಅಂತರ್ಜಲ ಮಂಡಳಿಯು ರಾಜ್ಯ ಸರ್ಕಾರದ ಸಹಯೋಗದೊಂದಿಗೆ ಪ್ರತಿ ತಾಲ್ಲೂಕಿನ ಅಂತರ್ಜಲ ಮರುಪೂರಣ ಹಾಗೂ ಬಳಕೆಯನ್ನು ಅಂದಾಜು ಮಾಡುತ್ತದೆ. ಮರುಪೂರಣಗೊಂಡು ಬಳಕೆಗೆ ಲಭ್ಯವಾಗುವ ನೀರಿನಲ್ಲಿ ಶೇ. 70ರವರೆಗೆ ಬಳಸಿದಲ್ಲಿ ‘ಸುರಕ್ಷಿತ’, ಶೇ. 70ರಿಂದ 90 ಇದ್ದಲ್ಲಿ ‘ಅರೆ ಕ್ಲಿಷ್ಟಕರ’, ಶೇ. 90ರಿಂದ 100 ಇದ್ದಲ್ಲಿ ‘ಕ್ಲಿಷ್ಟಕರ’, ಶೇ. 100ನ್ನು ಮೀರಿದಲ್ಲಿ ‘ಅತಿಬಳಕೆ’ ಎಂದು ವರ್ಗೀಕರಿಸಲಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳು ಅನೇಕ ವರ್ಷಗಳ ಅಂದಾಜುಗಳಲ್ಲಿ ‘ಅತಿಬಳಕೆ’ ವರ್ಗದಲ್ಲಿ ಕಾಣಿಸಿಕೊಂಡಿವೆ. ಇದರ ಅರ್ಥ, ಒಂದು ವರ್ಷದಲ್ಲಿ ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಅದೇ ವರ್ಷದಲ್ಲಿ ಮೇಲೆತ್ತಲಾಗುತ್ತಿದೆ ಎಂಬುದಾಗಿದೆ. ಇಂತಹ ಪ್ರದೇಶದಲ್ಲಿ ಹೊಸದಾಗಿ ಕೊರೆಯುವ ಕೊಳವೆ ಬಾವಿಯು ಬಹುಪಾಲು ಪಕ್ಕದ ಬಾವಿಯ ನೀರನ್ನೇ ಹಂಚಿಕೊಳ್ಳುತ್ತದೆ.

3. ಕೊಳವೆ ಬಾವಿ ಕೊರೆಸುವ ಮುನ್ನ

ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆಯ ವಿನಿಯಮನ ಹಾಗೂ ನಿಯಂತ್ರಣ) ಅಧಿನಿಯಮ, 2011ರ ಮೇರೆಗೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಸಲು ಪೂರ್ವಾನುಮತಿ ಕಡ್ಡಾಯವಾಗಿದೆ. ಈಗಾಗಲೇ ಇರುವ ಬಾವಿಗಳನ್ನು ನೋಂದಾಯಿಸತಕ್ಕದ್ದು. ಕೊರೆಯುವ ಯಂತ್ರದ ಮಾಲೀಕರೂ ನೋಂದಣಿ ಪಡೆದಿರಬೇಕು. ನೋಂದಣಿ ಇಲ್ಲದ ಯಂತ್ರದಿಂದ ಬಾವಿ ಕೊರೆಸುವುದು ಅರ್ಜಿದಾರರಿಗೂ ತೊಂದರೆಯನ್ನು ತರಬಹುದು.

ಕೊಳವೆ ಬಾವಿಗಳಿಗೆ ಮಕ್ಕಳು ಬಿದ್ದು ಮೃತಪಟ್ಟ ಪ್ರಕರಣಗಳ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಮಾರ್ಗಸೂಚಿಗಳನ್ನು ನೀಡಿದೆ. ಅವುಗಳಲ್ಲಿ ಮುಖ್ಯವಾದವು:

ಅ) ಬಾವಿ ಕೊರೆಸುವ 15 ದಿನಗಳ ಮುಂಚಿತವಾಗಿ ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು.
ಆ) ಕೊರೆಯುವ ಸ್ಥಳದಲ್ಲಿ ಬಾವಿಯ ಮಾಲೀಕರ ಹಾಗೂ ಕೊರೆಯುವ ಸಂಸ್ಥೆಯ ವಿವರಗಳುಳ್ಳ ಫಲಕವನ್ನು ಅಳವಡಿಸಬೇಕು ಮತ್ತು ಸುತ್ತಲೂ ಮುಳ್ಳುತಂತಿಯ ಬೇಲಿ ಅಥವಾ ಸೂಕ್ತ ತಡೆಯನ್ನು ನಿರ್ಮಿಸಬೇಕು.
ಇ) ಕೇಸಿಂಗ್ ಕೊಳವೆಯ ಸುತ್ತ ಸಿಮೆಂಟ್ ಕಟ್ಟೆಯನ್ನು ಕಟ್ಟಿ, ಕೊಳವೆಯ ಬಾಯಿಗೆ ಉಕ್ಕಿನ ಮುಚ್ಚಳವನ್ನು ಭದ್ರವಾಗಿ ಅಳವಡಿಸಬೇಕು. ಪಂಪ್ ದುರಸ್ತಿಯ ಸಮಯದಲ್ಲಿಯೂ ಬಾಯಿಯನ್ನು ತೆರೆದಿಡಬಾರದು.
ಈ) ನೀರು ಬಾರದೆ ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ಮೇಲಿನವರೆಗೆ ಮುಚ್ಚತಕ್ಕದ್ದು.

ವಿಫಲವಾದ ಬಾವಿಯ ಬಾಯಿಗೆ ಗೋಣಿಚೀಲ ಕಟ್ಟುವುದು ಅಥವಾ ಚಪ್ಪಡಿ ಕಲ್ಲನ್ನು ಇಟ್ಟು ಬಿಡುವುದು ಮುಚ್ಚಿದಂತೆ ಆಗುವುದಿಲ್ಲ. ಕೇಸಿಂಗ್ ಕೊಳವೆಯನ್ನು ಮರುಬಳಕೆಗಾಗಿ ಕಿತ್ತುಕೊಂಡು ಹೋದ ಬಾವಿಯು ಎಲ್ಲಕ್ಕಿಂತ ಅಪಾಯಕಾರಿಯಾದುದು. ಇಂತಹ ಬಾವಿ ಕಂಡುಬಂದಲ್ಲಿ ಯಾವುದೇ ನಾಗರಿಕರು ಗ್ರಾಮ ಪಂಚಾಯಿತಿಗೆ ಲಿಖಿತ ದೂರು ನೀಡಬಹುದು.

ಒಂದು ಬಾವಿ ಬತ್ತಿದೊಡನೆ ಸಾಲ ಪಡೆದು ಮತ್ತೊಂದನ್ನು ಕೊರೆಸುವುದು ಈ ಭಾಗದ ಅನೇಕ ಕುಟುಂಬಗಳನ್ನು ಸಂಕಷ್ಟಕ್ಕೆ ದೂಡಿದೆ. ಆದುದರಿಂದ ಈ ಮುಂದಿನ ಕಂಡಿಕೆಗಳಲ್ಲಿ ತಿಳಿಸಿರುವ ನೀರುಳಿತಾಯ ಕ್ರಮಗಳನ್ನು ಮೊದಲು ಕೈಗೊಂಡು, ಇರುವ ಬಾವಿಯ ನೀರು ಎಷ್ಟು ಜಮೀನಿಗೆ ಸಾಲುವುದೆಂಬುದನ್ನು ನೋಡಿ, ತದನಂತರ ಹೊಸ ಬಾವಿಯ ವಿಷಯವನ್ನು ನಿರ್ಧರಿಸುವುದು ಸೂಕ್ತ.

4. ಮಳೆನೀರು ಕೊಯ್ಲು

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದಲ್ಲಿ ಒಂದು ಲೀಟರ್ ನೀರು ದೊರೆಯುತ್ತದೆ. ವಾರ್ಷಿಕ ಮಳೆಯನ್ನು 700 ಮಿ.ಮೀ. ಎಂದು ಎಣಿಸಿದರೆ, 100 ಚದರ ಮೀಟರ್ ಚಾವಣಿಯ ಮೇಲೆ 70,000 ಲೀಟರ್ ನೀರು ಬೀಳುತ್ತದೆ. ಆವಿಯಾಗುವ ಹಾಗೂ ಹೊರಬಿಡುವ ಭಾಗವನ್ನು ಕಳೆದು ಶೇ. 80ರಷ್ಟನ್ನು ಹಿಡಿದರೂ 56,000 ಲೀಟರ್ ಸಂಗ್ರಹವಾಗಬಹುದು. ಐದು ಜನರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 40 ಲೀಟರ್ ಬೇಕೆಂದು ಲೆಕ್ಕ ಹಾಕಿದರೆ, 10,000 ಲೀಟರ್ ಸಾಮರ್ಥ್ಯದ ತೊಟ್ಟಿಯು ಒಮ್ಮೆ ತುಂಬಿದಲ್ಲಿ 250 ದಿನಗಳಿಗೆ ಸಾಲುತ್ತದೆ.

ಅನುಸರಿಸಬೇಕಾದ ಕ್ರಮಗಳು:

ಅ) ಮಳೆಗಾಲಕ್ಕೆ ಮುನ್ನ ಚಾವಣಿಯನ್ನು ಗುಡಿಸಿ ಸ್ವಚ್ಛಗೊಳಿಸಬೇಕು. ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಹಾಕಬೇಕು.
ಆ) ಜಲ್ಲಿ, ಮರಳು ಮತ್ತು ಇದ್ದಿಲಿನ ಪದರಗಳುಳ್ಳ ಶೋಧಕದ ಮೂಲಕ ನೀರನ್ನು ಹಾಯಿಸಬೇಕು.
ಇ) ತೊಟ್ಟಿಗೆ ಬೆಳಕು ಮತ್ತು ಸೊಳ್ಳೆ ಪ್ರವೇಶಿಸದಂತೆ ಮುಚ್ಚಳವನ್ನು ಭದ್ರಪಡಿಸಬೇಕು.
ಈ) ತೊಟ್ಟಿ ತುಂಬಿ ಹರಿಯುವ ನೀರನ್ನು ಇಂಗುಗುಂಡಿಗೆ ಬಿಡಬೇಕು.

ಕೊಳವೆ ಬಾವಿಯ ಮರುಪೂರಣಕ್ಕಾಗಿ ಕೇಸಿಂಗ್ ಸುತ್ತ ಸುಮಾರು 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳದ ಗುಂಡಿಯನ್ನು ತೆಗೆದು, ದಪ್ಪ ಕಲ್ಲು, ಜಲ್ಲಿ ಹಾಗೂ ಮರಳನ್ನು ಪದರ ಪದರವಾಗಿ ತುಂಬುವ ವಿಧಾನವು ಬಳಕೆಯಲ್ಲಿದೆ. ಹೊಲದ ನೀರನ್ನು ಸೋಸದೆ ನೇರವಾಗಿ ಕೊಳವೆಗೆ ಬಿಡಬಾರದು. ಕೊಟ್ಟಿಗೆಯ, ಬಚ್ಚಲಿನ ಅಥವಾ ರೀಲಿಂಗ್ ಘಟಕದ ನೀರನ್ನು ಯಾವುದೇ ಕಾರಣಕ್ಕೂ ಮರುಪೂರಣ ಗುಂಡಿಗೆ ಸೇರಿಸಬಾರದು. ಭೂಮಿಯ ಆಳಕ್ಕೆ ಸೇರಿದ ಮಾಲಿನ್ಯವನ್ನು ಹೊರತೆಗೆಯಲು ಸಾಧ್ಯವಾಗುವುದಿಲ್ಲ.

ಮಳೆನೀರು ಕೊಯ್ಲಿನ ಮಾದರಿಗಳನ್ನು ನೋಡಲು ಬಯಸುವವರಿಗೆ ಬೆಂಗಳೂರಿನ ಜಯನಗರದಲ್ಲಿ ಪ್ರಾತ್ಯಕ್ಷಿಕಾ ಉದ್ಯಾನವಿದೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಅದಕ್ಕೆ ಇಡಲಾಗಿದೆ.

5. ಕುಡಿಯುವ ನೀರು ಮತ್ತು ಫ್ಲೋರೈಡ್

ಆಳದ ಗಟ್ಟಿ ಶಿಲೆಯ ಸಂಪರ್ಕದಲ್ಲಿರುವ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಸಾಧ್ಯತೆ ಇದೆ. ಜಿಲ್ಲೆಯ ಹಲವು ಗ್ರಾಮಗಳಲ್ಲಿ ಈ ಸಮಸ್ಯೆ ಕಂಡುಬಂದಿದೆ. ಭಾರತೀಯ ಮಾನಕ ಬ್ಯೂರೋದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಸಬಹುದು. ಇದಕ್ಕಿಂತ ಹೆಚ್ಚಿನ ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದಲ್ಲಿ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳೂ, ವಯಸ್ಕರಲ್ಲಿ ಮೂಳೆ ಹಾಗೂ ಕೀಲುಗಳ ಬಿಗಿತವೂ ಉಂಟಾಗುತ್ತವೆ.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಸ್ವಚ್ಛವಾಗಿ ಸಂಗ್ರಹಿಸಿದ ಮಳೆನೀರು ಸೂಕ್ತವಾದ ಪರ್ಯಾಯ. ಘಟಕದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನು ಬಾವಿಗಳ ಬಳಿ ಇಂಗಿಸಬಾರದು. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ನೀರು ಪರೀಕ್ಷಾ ಕಿಟ್‌ಗಳನ್ನು ಒದಗಿಸಲಾಗಿದೆ. ಮನೆಯ ಬಾವಿಯ ನೀರನ್ನು ಪರೀಕ್ಷಿಸಲು ಬಯಸುವವರು ಗ್ರಾಮ ಪಂಚಾಯಿತಿಯನ್ನು ಅಥವಾ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು ಸಂಪರ್ಕಿಸಬಹುದು.

6. ಕೆರೆಗಳಿಗೆ ಹರಿಸುವ ಸಂಸ್ಕರಿತ ನೀರು

ಬೆಂಗಳೂರಿನ ತ್ಯಾಜ್ಯ ನೀರನ್ನು ಸಂಸ್ಕರಿಸಿ ಬಯಲುಸೀಮೆಯ ಕೆರೆಗಳಿಗೆ ಹರಿಸುವ ಎರಡು ಯೋಜನೆಗಳು ಜಾರಿಯಲ್ಲಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರ ಜಿಲ್ಲೆಯ ಕೆರೆಗಳನ್ನು ತಲುಪಿತು. ದಿನಕ್ಕೆ 210 ದಶಲಕ್ಷ ಲೀಟರ್ ಗುರಿಯ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳೂ ಸೇರಿದಂತೆ 65 ಕೆರೆಗಳನ್ನು ಸೇರಿಸಲಾಗಿದೆ.

ಈ ನೀರು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರಾಗಿದ್ದು, ಕೆರೆಗಳ ಮೂಲಕ ಅಂತರ್ಜಲವನ್ನು ಮರುಪೂರಣಗೊಳಿಸುವುದು ಯೋಜನೆಯ ಉದ್ದೇಶ. ಮೂರನೇ ಹಂತದ ಸಂಸ್ಕರಣೆ ಆಗಬೇಕೆಂಬ ಬೇಡಿಕೆಯನ್ನು ಈ ಭಾಗದ ರೈತ ಸಂಘಟನೆಗಳು ಮುಂದಿಡುತ್ತಾ ಬಂದಿವೆ. ಈ ನೀರನ್ನು ನೇರವಾಗಿ ಕುಡಿಯಲು ಬಳಸಬಾರದು. ಇಂತಹ ಕೆರೆಗಳ ಸಮೀಪದ ಬಾವಿಗಳ ನೀರನ್ನು ಕುಡಿಯಲು ಬಳಸುವವರು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ.

7. ರೇಷ್ಮೆ ಮತ್ತು ಕೃಷಿಯಲ್ಲಿ ನೀರಿನ ಮಿತಬಳಕೆ

ಅ) ಹನಿ ನೀರಾವರಿ: ಹಿಪ್ಪುನೇರಳೆ ತೋಟಕ್ಕೆ ಕಾಲುವೆಯಲ್ಲಿ ನೀರು ಹಾಯಿಸುವುದಕ್ಕೆ ಹೋಲಿಸಿದರೆ ಹನಿ ನೀರಾವರಿಯಿಂದ ಗಣನೀಯವಾಗಿ ನೀರು ಉಳಿತಾಯವಾಗುತ್ತದೆ. ಗಿಡಗಳ ನಡುವೆ ಹೆಚ್ಚು ಅಂತರವಿಟ್ಟು ಬೆಳೆಸುವ ಮರಗಡ್ಡಿ ಪದ್ಧತಿಯು ಕಡಿಮೆ ನೀರಿನ ಪ್ರದೇಶಕ್ಕೆ ಹೊಂದಿಕೊಳ್ಳುತ್ತದೆ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆಯ ಮೂಲಕವೂ, ಹಣ್ಣು, ತರಕಾರಿ, ಹೂವಿನ ಬೆಳೆಗಳಿಗೆ ತೋಟಗಾರಿಕೆ ಇಲಾಖೆಯ ಮೂಲಕವೂ ಸಹಾಯಧನಕ್ಕೆ ಅರ್ಜಿ ಸಲ್ಲಿಸಬೇಕು. ಉಳಿದ ನೀರಿನಿಂದ ಬೆಳೆಯ ವಿಸ್ತೀರ್ಣವನ್ನು ಹೆಚ್ಚಿಸಿದಲ್ಲಿ ಅಂತರ್ಜಲಕ್ಕೆ ಯಾವ ಪ್ರಯೋಜನವೂ ಆಗುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಆ) ಕೃಷಿ ಹೊಂಡ: ಕೃಷಿ ಭಾಗ್ಯ ಯೋಜನೆಯನ್ನು ರಾಜ್ಯದಲ್ಲಿ 2014ರಲ್ಲಿ ಆರಂಭಿಸಲಾಯಿತು. ಮೇಲ್ಭಾಗದಲ್ಲಿ 15 ಮೀಟರ್ ಉದ್ದಗಲ ಹಾಗೂ 3 ಮೀಟರ್ ಆಳವಿರುವ, ಬದಿಗಳನ್ನು ಇಳಿಜಾರಾಗಿ ತೆಗೆದ ಹೊಂಡದಲ್ಲಿ ಸುಮಾರು 4.4 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ರಾಗಿ, ತೊಗರಿ, ಅವರೆಯಂತಹ ಮಳೆಯಾಶ್ರಿತ ಬೆಳೆ ಬಾಡುವ ಸಮಯದಲ್ಲಿ ಒಂದೆರಡು ಬಾರಿ ರಕ್ಷಣಾತ್ಮಕ ನೀರು ನೀಡಲು ಇದು ನೆರವಾಗುತ್ತದೆ. ಹೊಂಡಕ್ಕೆ ತಂತಿಬೇಲಿ ಅತ್ಯವಶ್ಯಕ. ಕೊಳವೆ ಬಾವಿಯ ನೀರನ್ನು ಎತ್ತಿ ಹೊಂಡದಲ್ಲಿ ತುಂಬಿಡುವುದು ಯೋಜನೆಯ ಉದ್ದೇಶಕ್ಕೆ ವಿರುದ್ಧವಾದುದು.

ಇ) ಮಣ್ಣು ಪರೀಕ್ಷೆ: ಮಣ್ಣು ಆರೋಗ್ಯ ಕಾರ್ಡ್ ಯೋಜನೆಯನ್ನು 2015ರಲ್ಲಿ ಆರಂಭಿಸಲಾಯಿತು. ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ನೀಡಬಹುದು. ವರದಿಯಂತೆ ಗೊಬ್ಬರ ಹಾಕಿದಲ್ಲಿ ಖರ್ಚು ತಗ್ಗುವುದಲ್ಲದೆ ಬಾವಿಯ ನೀರಿಗೆ ನೈಟ್ರೇಟ್ ಸೇರುವುದೂ ಕಡಿಮೆಯಾಗುತ್ತದೆ. ತಾಂತ್ರಿಕ ಸಲಹೆಗಾಗಿ ಚಿಂತಾಮಣಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಈ) ಹುಳು ಸಾಕಣೆಯ ತ್ಯಾಜ್ಯ: ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು, ಕಡ್ಡಿಗಳನ್ನು ಸುಡದೆ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಮಾಡಬೇಕು. ರೋಗ ತಗುಲಿದ ಹುಳುಗಳನ್ನು ಮಾತ್ರ ಪ್ರತ್ಯೇಕಿಸಿ, ಇಲಾಖೆಯ ಸಲಹೆಯಂತೆ ನಾಶಪಡಿಸಬೇಕು.

ಉ) ಕೀಟನಾಶಕ: ಪಕ್ಕದ ಹೊಲದಲ್ಲಿ ಸಿಂಪಡಿಸಿದ ಔಷಧಿಯು ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತಲ್ಲಿ ಇಡೀ ಮೇವು ವಿಷವಾಗಿ ಹುಳುಗಳು ಸಾಯುತ್ತವೆ. ಹೂವು, ಟೊಮೆಟೊ, ದ್ರಾಕ್ಷಿ ಬೆಳೆಗಾರರು ಔಷಧಿ ಸಿಂಪಡಿಸುವ ಮುನ್ನ ನೆರೆಯ ರೇಷ್ಮೆ ಬೆಳೆಗಾರರಿಗೆ ತಿಳಿಸುವುದೂ, ಗಾಳಿಯ ದಿಕ್ಕನ್ನು ನೋಡಿ ಸಿಂಪಡಿಸುವುದೂ ಇಬ್ಬರಿಗೂ ಹಿತಕರ.

8. ಸೌರ ವಿದ್ಯುತ್ ಮತ್ತು ವಿದ್ಯುತ್ ಉಳಿತಾಯ

ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯನ್ನು 2024ರ ಫೆಬ್ರವರಿಯಲ್ಲಿ ಆರಂಭಿಸಲಾಯಿತು. ಯೋಜನೆಯಂತೆ ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 30,000, ಮೂರನೆಯ ಕಿಲೋವ್ಯಾಟ್‌ಗೆ ರೂ. 18,000, ಒಟ್ಟು ಗರಿಷ್ಠ ರೂ. 78,000 ಸಹಾಯಧನವನ್ನು ನಿಗದಿಪಡಿಸಲಾಗಿದೆ. ಒಂದು ಕಿಲೋವ್ಯಾಟ್ ಘಟಕಕ್ಕೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಚಾವಣಿ ಬೇಕಾಗುತ್ತದೆ. ಅದರಿಂದ ತಿಂಗಳಿಗೆ ಸುಮಾರು 100ರಿಂದ 120 ಯೂನಿಟ್ ವಿದ್ಯುತ್ ದೊರೆಯಬಹುದು. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸಿ, ನೋಂದಾಯಿತ ಮಾರಾಟಗಾರರಿಂದಲೇ ಘಟಕವನ್ನು ಅಳವಡಿಸಿಕೊಳ್ಳಬೇಕು.

ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ವಿದ್ಯುತ್ ಶುಲ್ಕದ ಹೊರೆ ಈಗಾಗಲೇ ಇಲ್ಲದಿರುವುದರಿಂದ, ಸೌರ ಘಟಕದ ಲಾಭ–ವೆಚ್ಚವನ್ನು ಲೆಕ್ಕ ಹಾಕಿ, ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಅರ್ಜಿ ಸಲ್ಲಿಸುವುದು ಸೂಕ್ತ.

ಕೃಷಿ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ವಿದ್ಯುತ್ ಒದಗಿಸುವ ಸಲುವಾಗಿ ಕುಸುಮ್–ಸಿ ಯೋಜನೆಯಡಿ ಸೌರ ಘಟಕಗಳನ್ನು ಸ್ಥಾಪಿಸಲಾಗುತ್ತಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂತಹ ಘಟಕವನ್ನು ಉದ್ಘಾಟಿಸಲಾಯಿತು. ಹಗಲಿನ ವಿದ್ಯುತ್ತಿನಿಂದ ರೈತರು ರಾತ್ರಿ ವೇಳೆ ತೋಟಕ್ಕೆ ಹೋಗುವ ಅಪಾಯ ತಪ್ಪುತ್ತದೆ. ಆದರೆ ವಿದ್ಯುತ್ ಇರುವಷ್ಟು ಹೊತ್ತೂ ಪಂಪ್ ಚಾಲನೆಯಲ್ಲಿಟ್ಟರೆ ಬಾವಿ ಬೇಗನೆ ಬತ್ತುತ್ತದೆ.

ಮನೆಬಳಕೆಯಲ್ಲಿ 75 ವ್ಯಾಟ್‌ನ ಹಳೆಯ ಫ್ಯಾನಿನ ಬದಲು 30 ವ್ಯಾಟ್‌ನ ಫ್ಯಾನನ್ನು ದಿನಕ್ಕೆ 12 ಗಂಟೆ ಬಳಸಿದಲ್ಲಿ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಉಪಕರಣ ಖರೀದಿಸುವಾಗ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಗುರುತನ್ನು ಪರಿಶೀಲಿಸಬೇಕು.

9. ಗೋಬರ್ ಅನಿಲ

ಎರಡು ಘನ ಮೀಟರ್ ಸಾಮರ್ಥ್ಯದ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಹಾಗೂ ಅಷ್ಟೇ ಪ್ರಮಾಣದ ನೀರು ಬೇಕಾಗುತ್ತದೆ. ನಾಲ್ಕೈದು ರಾಸುಗಳಿರುವ ಕುಟುಂಬಕ್ಕೆ ಇದು ಸೂಕ್ತವಾಗಿದ್ದು, ನಾಲ್ಕೈದು ಜನರ ಅಡುಗೆಗೆ ಸಾಲುವಷ್ಟು ಅನಿಲ ದೊರೆಯುತ್ತದೆ. ಹೊರಬರುವ ಬಗ್ಗಡವು ಹಿಪ್ಪುನೇರಳೆಗೆ ಉತ್ತಮ ಗೊಬ್ಬರ. ಕೊಟ್ಟಿಗೆ ತೊಳೆದ ನೀರನ್ನೇ ಸಗಣಿ ಕಲಸಲು ಬಳಸಿದಲ್ಲಿ ಪ್ರತ್ಯೇಕ ನೀರಿನ ಅವಶ್ಯಕತೆ ತಗ್ಗುತ್ತದೆ. ಒಂದೆರಡು ರಾಸುಗಳಿರುವ ಮನೆಗೆ ಇಷ್ಟು ದೊಡ್ಡ ಘಟಕ ಸೂಕ್ತವಲ್ಲ.

10. ಮರ ಬೆಳೆಸುವುದು

ಅಂತರ್ಜಲದ ಮೇಲಿನ ಪರಿಣಾಮವನ್ನು ಪರಿಗಣಿಸಿ ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬದುಗಳಲ್ಲಿ ಹೊಂಗೆ, ಬೇವು, ಹುಣಸೆ, ನೇರಳೆ, ಹಲಸು ಮುಂತಾದ ಸಸಿಗಳನ್ನು ನೆಡಬಹುದು. 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ನೆಟ್ಟ ರೈತರಿಗೆ, ಬದುಕುಳಿದ ಸಸಿಗಳ ಸಂಖ್ಯೆಗೆ ಅನುಗುಣವಾಗಿ ಮೂರು ವರ್ಷಗಳ ಕಾಲ ಪ್ರೋತ್ಸಾಹಧನವನ್ನು ನೀಡುವ ವ್ಯವಸ್ಥೆ ಇದೆ. ಮುಂಗಾರಿಗೆ ಮುನ್ನವೇ ವಲಯ ಅರಣ್ಯ ಅಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು.

11. ತ್ಯಾಜ್ಯ ಮತ್ತು ಪ್ಲಾಸ್ಟಿಕ್

ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮುಂತಾದವುಗಳನ್ನು ನಿಷೇಧಿಸಲಾಗಿದೆ. ಗುರುತಿಸಲಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಮದುವೆ, ಜಾತ್ರೆ, ಊರಹಬ್ಬಗಳಲ್ಲಿ ಮುತ್ತುಗದ ಎಲೆ, ಅಡಿಕೆ ಹಾಳೆ ಅಥವಾ ಸ್ಟೀಲ್ ತಟ್ಟೆಗಳನ್ನು ಬಳಸಬಹುದು.

ಹಸಿ ಕಸವನ್ನು ತಿಪ್ಪೆಗೆ ಅಥವಾ ಕಾಂಪೋಸ್ಟ್ ಗುಂಡಿಗೆ ಹಾಕಿ, ಒಣ ಕಸವನ್ನು ಪ್ರತ್ಯೇಕಿಸಿ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿಗೆ ನೀಡಬೇಕು. ಹಳೆಯ ಹನಿ ನೀರಾವರಿ ಕೊಳವೆ, ಹೊದಿಕೆ ಹಾಳೆಗಳನ್ನು ಹೊಲದಲ್ಲಿ ಸುಡಬಾರದು. ಕೀಟನಾಶಕದ ಖಾಲಿ ಡಬ್ಬಿಗಳನ್ನು ಮನೆಬಳಕೆಗೆ ಉಪಯೋಗಿಸಬಾರದು. ಕೆರೆ, ಬಾವಿಗಳ ಬಳಿ ಎಸೆಯಬಾರದು. ಸ್ನಾನ ಹಾಗೂ ಪಾತ್ರೆ ತೊಳೆದ ನೀರಿಗಾಗಿ ಬಚ್ಚಲು ಗುಂಡಿಯನ್ನು ನಿರ್ಮಿಸಿಕೊಳ್ಳಬಹುದು.

12. ಅರ್ಜಿ ಸಲ್ಲಿಸುವ ವಿಧಾನ

ಕೃಷಿ, ತೋಟಗಾರಿಕೆ ಹಾಗೂ ರೇಷ್ಮೆ ಇಲಾಖೆಗಳ ಸಹಾಯಧನಕ್ಕೆ ಸಾಮಾನ್ಯವಾಗಿ ಈ ಕೆಳಗಿನ ದಾಖಲೆಗಳು ಬೇಕಾಗುತ್ತವೆ:

ಅ) ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ
ಆ) ಚಾಲ್ತಿ ವರ್ಷದ ಪಹಣಿ
ಇ) ಆಧಾರ್ ಕಾರ್ಡ್ ಹಾಗೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪುಸ್ತಕದ ಪ್ರತಿ
ಈ) ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರ
ಉ) ನೀರಾವರಿ ಸೌಲಭ್ಯಕ್ಕಾದಲ್ಲಿ ನೀರಿನ ಮೂಲದ ದಾಖಲೆ

ಪಹಣಿಯು ಮೃತಪಟ್ಟ ಹಿರಿಯರ ಹೆಸರಿನಲ್ಲಿಯೇ ಉಳಿದಿದ್ದಲ್ಲಿ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಕಾಮಗಾರಿಯನ್ನು ಮುಗಿಸಿದ ನಂತರ ಅರ್ಜಿ ಸಲ್ಲಿಸಿದಲ್ಲಿ ಸಹಾಯಧನ ದೊರೆಯದಿರಬಹುದು. ಆದುದರಿಂದ ಮಂಜೂರಾತಿ ಆದೇಶ ಪಡೆದ ನಂತರವೇ ಕೆಲಸ ಆರಂಭಿಸಬೇಕು. ಸಹಾಯಧನದ ಪ್ರಮಾಣವು ಆಯಾ ವರ್ಷದ ಮಾರ್ಗಸೂಚಿ ಹಾಗೂ ಅನುದಾನಕ್ಕೆ ಒಳಪಟ್ಟಿರುತ್ತದೆ. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಪಡೆಯುವುದು ಅರ್ಜಿದಾರರ ಹಕ್ಕು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದು.

13. ಉಪಯುಕ್ತ ಮಾಹಿತಿ ಮೂಲಗಳು

ಕೇಂದ್ರ ಅಂತರ್ಜಲ ಮಂಡಳಿ – ತಾಲ್ಲೂಕುವಾರು ಅಂತರ್ಜಲ ಅಂದಾಜು
ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ – ಮಳೆಯ ವರದಿ ಹಾಗೂ ‘ವರುಣ ಮಿತ್ರ’ ದೂರವಾಣಿ ಸೇವೆ
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ – ಮಾಲಿನ್ಯ ಕುರಿತ ನಿಯಮಗಳು ಮತ್ತು ದೂರು
ಇಂಧನ ದಕ್ಷತಾ ಬ್ಯೂರೋ – ಉಪಕರಣಗಳ ದಕ್ಷತೆಯ ವಿವರ
ಸೇವಾ ಸಿಂಧು, ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರ – ಅರ್ಜಿ ಸಲ್ಲಿಕೆ
ಬೆಸ್ಕಾಂ ಸಹಾಯವಾಣಿ 1912 – ವಿದ್ಯುತ್ ಸಂಬಂಧಿತ ದೂರು

ಸರ್ಕಾರಿ ಯೋಜನೆಗಳ ಹೆಸರಿನಲ್ಲಿ ನಕಲಿ ಜಾಲತಾಣಗಳೂ ಮೊಬೈಲ್ ಸಂದೇಶಗಳೂ ಹರಿದಾಡುತ್ತವೆ. ಸಹಾಯಧನ ಮಂಜೂರಾಗಿದೆಯೆಂದು ತಿಳಿಸಿ ಮುಂಗಡ ಹಣ ಅಥವಾ ಒಟಿಪಿ ಕೇಳುವವರಿಗೆ ಯಾವುದೇ ವಿವರ ನೀಡಬಾರದು.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಂತ ಜಮೀನಿನಲ್ಲಿ ಕೊಳವೆ ಬಾವಿ ಕೊರೆಸಲೂ ಅನುಮತಿ ಬೇಕೇ?
ಉತ್ತರ: ಹೌದು. ಅಧಿಸೂಚಿತ ಪ್ರದೇಶದಲ್ಲಿ ಸ್ವಂತ ಜಮೀನಿಗೂ ಅನುಮತಿ ಅವಶ್ಯಕ.

ಪ್ರಶ್ನೆ: ಶೀಟಿನ ಮನೆಯಲ್ಲಿ ಮಳೆನೀರು ಸಂಗ್ರಹಿಸಬಹುದೇ?
ಉತ್ತರ: ದೋಣಿ ಅಳವಡಿಸಿ ಸಂಗ್ರಹಿಸಬಹುದು. ತುಕ್ಕು ಹಿಡಿದ ಅಥವಾ ಕಲ್ನಾರಿನ ಶೀಟಿನ ನೀರನ್ನು ಕುಡಿಯಲು ಬಳಸದೆ ದನಕರು, ತೋಟ ಹಾಗೂ ತೊಳೆಯುವ ಕೆಲಸಗಳಿಗೆ ಬಳಸುವುದು ಉತ್ತಮ.

ಪ್ರಶ್ನೆ: ಹಣದ ಅನುಕೂಲ ಕಡಿಮೆ ಇರುವ ಕುಟುಂಬವು ಯಾವುದರಿಂದ ಆರಂಭಿಸಬೇಕು?
ಉತ್ತರ: ಕುಡಿಯುವ ನೀರಿನ ಪರೀಕ್ಷೆ, ಕೈಬಿಟ್ಟ ಬಾವಿ ಮುಚ್ಚುವುದು, ಬಚ್ಚಲು ಗುಂಡಿ ಹಾಗೂ ಕಸ ವಿಂಗಡಣೆ, ಇವು ಅಲ್ಪ ವೆಚ್ಚದಲ್ಲಿ ಆಗುವ ಕೆಲಸಗಳು. ಅನಂತರ ಮಳೆನೀರು ತೊಟ್ಟಿ, ಹನಿ ನೀರಾವರಿಗಳನ್ನು ಸಹಾಯಧನದ ಲಭ್ಯತೆಯಂತೆ ಕೈಗೊಳ್ಳಬಹುದು.

ಹೆಚ್ಚಿನ ಮಾಹಿತಿಗಾಗಿ ನಾಗರಿಕರು ತಮ್ಮ ಗ್ರಾಮ ಪಂಚಾಯಿತಿ ಕಚೇರಿ, ರೈತ ಸಂಪರ್ಕ ಕೇಂದ್ರ ಅಥವಾ ಶಿಡ್ಲಘಟ್ಟದಲ್ಲಿರುವ ಸಂಬಂಧಪಟ್ಟ ತಾಲ್ಲೂಕು ಮಟ್ಟದ ಕಚೇರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.